ಮಹೇಶ್ವರಿ, ಹತ್ತು ನಿಮಿಷ

ಬಾಯಿ ತೆರೆದು ಮಲಗಿದವರಿಗೆ ಮಾತಾಡಲು ಬರುವುದಿಲ್ಲ ಎಂಬುದು ಹಲ್ಲಿನ ಡಾಕ್ಟರಿಗೆ ಗೊತ್ತಿರಲೇಬೇಕು. ಆದರೂ ಲಿಂಗಸುಗೂರಿನ ಆ ಚಿಕ್ಕ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಶಾಜಿಯಾ, ಮಹೇಶ್ವರಿಯ ಮೇಲಿನ ಸಾಲಿನ ಮುರುಕು ಹಲ್ಲಿಗೆ ಹೊಸ ಕ್ಯಾಪು ಕೂರಿಸುತ್ತ ಮಾತಾಡುತ್ತಲೇ ಇದ್ದಳು. "ನಿಮ್ಮ ಮನೆಯವ್ರ ಮಸ್ಕಿ ಭಾಷಣದ ವಿಡಿಯೋ ನೋಡಿದೆ ಮೇಡಮ್. ನಮ್ಮಮ್ಮಿ ಗ್ರೂಪಿಗೆ ಯಾರೋ ಹಾಕಿದ್ರು. ಅಮ್ಮಿ ನೋಡ್ತಾ ನೋಡ್ತಾ ಅತ್ತೇಬಿಟ್ರು." ಮಹೇಶ್ವರಿಯ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಅದನ್ನು ಒಪ್ಪಿಗೆಯೆಂದು ತಿಳಿದು ಹುಡುಗಿ ಮುಂದುವರಿಸಿದಳು: "ಮೊದಲನೇ ಸಲ ಬಂದಾಗ ಬಚ್ಚಲದಾಗ ಜಾರಿ ಬಿದ್ದೆ ಅಂದಿದ್ರಿ. ಈಗ ತಿಳೀತು. ಇರ್ಲಿ ಬಿಡ್ರಿ. ಅಷ್ಟು ಮಂದಿ ಮುಂದ ಹೇಳ್ಕೊಳ್ಳಾಕ ದೊಡ್ಡ ಮನಸ್ಸು ಬೇಕು." ಮುಖದ ಮೇಲಿನ ದೀಪ ಕಣ್ಣಿಗೆ ಚುಚ್ಚುತ್ತಿತ್ತು. ಮಹೇಶ್ವರಿ ಕಣ್ಣು ಮುಚ್ಚಿದಳು. ತನ್ನೂರು ಸಿಂಧನೂರಿನಲ್ಲಿ ಹಲ್ಲಿನ ಡಾಕ್ಟರುಗಳಿಗೆ ಬರವಿರಲಿಲ್ಲ. ಆದರೆ ಗಂಡ ಹುಲಿಗೇಶನ ಪಂಪ್‌ಸೆಟ್ ಅಂಗಡಿಯ ಗುರುತಿಲ್ಲದ ಡಾಕ್ಟರು ಅಲ್ಲಿ ಯಾರೂ ಇರಲಿಲ್ಲ. ಅದಕ್ಕೆಂದೇ ಅವಳು ಮೂರು ಸಲ ಶಾಲೆಗೆ ರಜೆ ಹಾಕಿ, ಬಸ್ಸು ಹತ್ತಿ ಇಷ್ಟು ದೂರ ಬಂದಿದ್ದಳು. ಬಚ್ಚಲ ಮನೆ, ಜಾರುವ ಕಲ್ಲು, ಹಬೆ ಎಲ್ಲವನ್ನೂ ಸೇರಿಸಿ ಆರು ವರ್ಷ ಕಾಪಾಡಿಕೊಂಡು ಬಂದ ಆ ಸುಳ್ಳು ಅವಳ ಸ್ವಂತದ್ದಾಗಿತ್ತು. ಅದನ್ನು ಹುಲಿಗೇಶ ಒಂದೇ ಸಂಜೆಯಲ್ಲಿ ಕಿತ್ತುಕೊಂಡು, ಅದರ ಜಾಗದಲ್ಲಿ ತನ್ನದೊಂದನ್ನು ಇಟ್ಟುಬಿಟ್ಟಿದ್ದ.

"ನೋಡ್ಕೋರಿ, ಎಷ್ಟು ಚಂದ ಕೂತೈತಿ" ಎಂದು ಶಾಜಿಯಾ ಕನ್ನಡಿ ಕೊಟ್ಟಳು. ಕನ್ನಡಿಯಲ್ಲಿ ಮೂವತ್ತೊಂಬತ್ತರ ಹೆಂಗಸೊಬ್ಬಳು ಯಾರದೋ ಹಲ್ಲು ತೋರಿಸಿ ಕೂತಿದ್ದಳು. ಚಂದವೇ ಇತ್ತು. ಆ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವಿರಲಿಲ್ಲ. ಮಗಳು ಮಮತಾ ಕೂಡ ರಾಯಚೂರಿನ ಹಾಸ್ಟೆಲಿನಿಂದ ಅದೇ ವಿಡಿಯೋ ಕಳಿಸಿ, ಕೆಳಗೆ ಮೂರು ಕೆಂಪು ಹೃದಯ ಇಟ್ಟು, 'ಅಪ್ಪ ಎಷ್ಟ್ ಬದಲಾಗ್ಯಾರ ಅಲ್ಲಮ್ಮ' ಎಂದು ಬರೆದಿದ್ದಳು. ಬದಲಾಗಿದ್ದ, ಅದರಲ್ಲಿ ಎರಡು ಮಾತಿಲ್ಲ. ಹದಿನೈದು ವರ್ಷ ಕುಡಿದವನು, ಬಳ್ಳಾರಿಯ ಡಾಕ್ಟರು ಲಿವರ್ ತೋರಿಸಿ ಹೆದರಿಸಿದ ಮೇಲೆ ಹದಿನಾಲ್ಕು ತಿಂಗಳಿಂದ ಒಂದು ಹನಿ ಮುಟ್ಟಿರಲಿಲ್ಲ. ಅಂಗಡಿ, ವಸೂಲಿ, ಕಂಪನಿ ಮೀಟಿಂಗು ಎಂದು ಬಿಡುವಿಲ್ಲದವರು ಬದುಕನ್ನು ತಿದ್ದಿಕೊಳ್ಳುವುದು ಹೇಗೆ ಎಂಬ ವಿಡಿಯೋಗಳನ್ನು ಮೊದಮೊದಲು ನೋಡಿದ. ಆಮೇಲೆ ಒಂದು ಉದ್ದನೆಯ ರಿಜಿಸ್ಟರು ತಂದು ಸ್ಕೇಲಿಟ್ಟು ಗೆರೆ ಎಳೆದ. ಐದಕ್ಕೆ ಏಳುವುದು. ಬಿಸಿನೀರು. ಕಾಲುವೆ ದಂಡೆಯ ಮೇಲೆ ನಡಿಗೆ. ಹತ್ತು ಪುಟ ಓದು. ಸಿಟ್ಟಿಲ್ಲ. ದಿನದ ಕೊನೆಗೆ ಒಂದೊಂದರ ಮುಂದೆಯೂ ಟಿಕ್ ಹಾಕುತ್ತಿದ್ದ. ನಾಲ್ಕು ತಿಂಗಳ ಹಿಂದೆ, ಅವನ ಮೇಜು ಒರೆಸುವಾಗ ಆ ರಿಜಿಸ್ಟರು ತೆರೆದುಕೊಂಡಿತ್ತು. ಕೊನೆಯ ಗೆರೆಯಲ್ಲಿ ಅವನ ದುಂಡು ಅಕ್ಷರ: 'ಮಹೇಶ್ವರಿ, ೧೦ ನಿಮಿಷ'. ಕೆಳಗೆ ಸಾಲಾಗಿ ಟಿಕ್, ಟಿಕ್, ಟಿಕ್. ಸಂಜೆ ಏಳೂವರೆಗೆ ಫೋನು ಬೋರಲು ಹಾಕಿ, ಎದುರು ಕುರ್ಚಿಯಲ್ಲಿ ಕೂತು, "ಹೇಳು ಮಹೇಶೀ, ಇವತ್ತು ಹೆಂಗಿತ್ತು?" ಎಂದು ಅವನು ಕೇಳುತ್ತಿದ್ದುದು ಪ್ರೀತಿಯೆಂದು ನಂಬಿ, ಆ ಹೊತ್ತಿಗೆ ಮುಖ ತೊಳೆದು ಕುಂಕುಮ ತಿದ್ದಿಕೊಳ್ಳುತ್ತಿದ್ದ ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಅವತ್ತು ಸಂಜೆ ಬೇಕೆಂದೇ ಸುಳ್ಳು ಹೇಳಿದಳು. ತಾನು ಪಾಠ ಹೇಳುವ ದಢೇಸುಗೂರಿನ ಶಾಲೆಯ ಗೋಡೆ ಬಿದ್ದು ಮೂರು ಮಕ್ಕಳಿಗೆ ಪೆಟ್ಟಾಯಿತು ಎಂದಳು. ಅವನು ಮುಂದೆ ಬಾಗಿ, ಅವಳ ಕಣ್ಣನ್ನೇ ನೋಡುತ್ತ, "ಹೌದಾ... ನಿನಗ ಭಾಳ ತ್ರಾಸ ಆಗಿರಬೇಕಲ್ಲ" ಎಂದ. ಹಾಗೆ ಅನ್ನಬೇಕೆಂದು ವಿಡಿಯೋದಲ್ಲಿ ಹೇಳಿಕೊಟ್ಟಿದ್ದರು. ಮರುದಿನ ಮಕ್ಕಳು ಹೇಗಿದ್ದಾರೆಂದು ಅವನು ಕೇಳಲಿಲ್ಲ.

ಕ್ಲಿನಿಕ್ಕಿನಿಂದ ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸೂಜಿ ಹಾಕಿಸಿಕೊಂಡ ತುಟಿಗೆ ಇನ್ನೂ ಸ್ಪರ್ಶ ಬಂದಿರಲಿಲ್ಲ. ನಾಲಿಗೆ ಮಾತ್ರ ಹೊಸ ಹಲ್ಲಿನ ಹತ್ತಿರ ಹೋಗಿ ಹೋಗಿ ಬರುತ್ತಿತ್ತು. ಕುಡಿಯುವ ಕಾಲದಲ್ಲಿ ತಾನು ಅವನನ್ನು ಇಷ್ಟು ದ್ವೇಷಿಸಿರಲಿಲ್ಲ ಎಂದು ನಡೆಯುತ್ತ ನಡೆಯುತ್ತ ಅನ್ನಿಸಿತು. ಗೇಟಿನ ಸದ್ದಿಗೆ ಕಿವಿಗೊಟ್ಟು, ಹೆಜ್ಜೆಯ ಮೇಲೆ ಎಷ್ಟು ಕುಡಿದಿದ್ದಾನೆಂದು ಅಳೆದು, ಮಗಳನ್ನು ಒಳಗೆ ಕಳಿಸಿ, ಅನ್ನ ಬಿಸಿ ಮಾಡುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ಭಯ ಇದ್ದಾಗ ಸಿಟ್ಟಿಗೆ ಪುರುಸೊತ್ತೇ ಇರಲಿಲ್ಲ. ಈಗ ಮನೆ ಶಾಂತವಾಗಿತ್ತು, ನಿದ್ದೆ ಬರುತ್ತಿತ್ತು. ಆ ಶಾಂತಿಯ ಮಧ್ಯೆ ಕೂತು ಅವಳು ಹಳೆಯದನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಿದ್ದಳು. ಆದರೆ ಕೇಳುವುದು ಯಾರನ್ನು? ಹೊಡೆದವನು ಈಗ ಇಲ್ಲವಂತೆ. ಅವನ ಜಾಗದಲ್ಲಿ ಐದಕ್ಕೆ ಎದ್ದು ಬಿಸಿನೀರು ಕುಡಿಯುವ, ತೂಕ ಇಳಿಸಿಕೊಂಡ, ಎಲ್ಲರಿಗೂ ಕೈಮುಗಿಯುವ ಮನುಷ್ಯನೊಬ್ಬ ಬಂದು ಕೂತಿದ್ದ. ಇವನನ್ನು ಏನಾದರೂ ಅಂದರೆ ಊರೇ ತನ್ನನ್ನು ಬೈಯುತ್ತದೆ. ಆ ಹಳೆಯವನು ಒಂದೇ ಒಂದು ದಿನದ ಮಟ್ಟಿಗೆ ತಿರುಗಿ ಬರಬೇಕು, ಎಲ್ಲರೂ ನೋಡುವಂತೆ ಬರಬೇಕು ಎಂದು ಅನ್ನಿಸಿದ್ದೇ ತಡ, ಅವಳ ಕಾಲು ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು ವೈನ್ ಶಾಪಿನ ಕಡೆಗೆ ತಿರುಗಿತ್ತು.

ಕಬ್ಬಿಣದ ಜಾಲರಿಯ ಮುಂದೆ ಏಳೆಂಟು ಗಂಡಸರು ನಿಂತಿದ್ದರು. ಸೆರಗು ತಲೆ ಮೇಲೆ ಎಳೆದುಕೊಂಡು ಅವಳು ಬಂದು ನಿಂತದ್ದು ಕಂಡು ಮಾತು ನಿಲ್ಲಿಸಿ ಜಾಗ ಬಿಟ್ಟರು. ಆ ಮರ್ಯಾದೆಯೇ ಅವಳನ್ನು ಹೆಚ್ಚು ಕುಗ್ಗಿಸಿತು. "ಏನ್ ಬೇಕ್ರಿ?" ಎಂದ ಒಳಗಿನವನು. ಹೆಸರು ಅವಳಿಗೆ ಗೊತ್ತಿತ್ತು. ಹದಿನೈದು ವರ್ಷ ಮಂಚದ ಕೆಳಗಿಂದ, ಸ್ಕೂಟರಿನ ಡಿಕ್ಕಿಯಿಂದ, ಅಕ್ಕಿ ಡಬ್ಬಿಯ ಹಿಂದಿನಿಂದ ಖಾಲಿ ಬಾಟ್ಲಿ ಆರಿಸಿದವಳು ಅವಳು. ಹೆಸರು ಹೇಳಿದಳು. "ಕ್ವಾರ್ಟರಾ, ಹಾಫಾ?" "ದೊಡ್ಡದು." ಹಿಂದೆ ನಿಂತ ವಯಸ್ಸಾದವನೊಬ್ಬ ಕನಿಕರದಿಂದ, "ಔಷಧಿಗೇನವಾ?" ಎಂದು ಕೇಳಿದ. "ಹೂಂ. ಮನ್ಯಾಗಿನವ್ರಿಗೆ" ಎಂದಳು. ಮರಗಟ್ಟಿದ ತುಟಿಯಿಂದ ಮಾತು ತೊದಲಿ ಬಂತು. ತಾನೇ ಕುಡಿದಿದ್ದೇನೆಂದು ಅವರು ತಿಳಿದರೇನೋ. ಒಳಗಿನವನು ಹಳೆಯ ಪೇಪರಿನಲ್ಲಿ ಬಾಟ್ಲಿ ಸುತ್ತಿ ಕೊಟ್ಟ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ತೊಡೆಯ ಮೇಲಿನ ಚೀಲದಲ್ಲಿ ಬಾಟ್ಲಿ ಸ್ಟೀಲಿನ ಊಟದ ಡಬ್ಬಿಗೆ ತಾಗಿ ಕುಲುಕಿದಾಗಲೆಲ್ಲ ಟಣ್ ಎನ್ನುತ್ತಿತ್ತು. ಮಧ್ಯೆ ಸೆರಗಿನ ತುದಿ ತುರುಕಿದಳು. ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಎದುರಿನ ಕಂಬಕ್ಕೆ ಹದಿನೈದು ದಿನದ ಹಿಂದಿನ ಫ್ಲೆಕ್ಸು ಇನ್ನೂ ಜೋತುಬಿದ್ದಿತ್ತು. 'ಬಿಡುವಿಲ್ಲದವರಿಗೆ ಬದಲಾವಣೆಯ ಶಿಬಿರ'. ಅದರ ಒಂದು ಮೂಲೆಯಲ್ಲಿ ಹುಲಿಗೇಶ ಕೈಕಟ್ಟಿ ನಗುತ್ತಿದ್ದ. ಗಾಳಿಗೆ ಅವನ ಮುಖ ಮಡಚಿ ಬಿಚ್ಚಿಕೊಳ್ಳುತ್ತಿತ್ತು. ಆ ಶಿಬಿರದಲ್ಲಿ ಅವಳನ್ನು ಮುಂದಿನ ಸಾಲಿನಲ್ಲಿಯೇ ಕೂರಿಸಿದ್ದರು. ಹುಲಿಗೇಶ ಮೈಕು ಹಿಡಿದು, ಚಿಕ್ಕ ಅಭ್ಯಾಸ ಹೇಗೆ ದೊಡ್ಡದಾಗುತ್ತದೆಂದು ಹೇಳಿ, ಆಮೇಲೆ ದನಿ ತಗ್ಗಿಸಿ, "ಒಂದು ರಾತ್ರಿ..." ಎಂದು ಶುರುಮಾಡಿದ. ಹನ್ನೊಂದು ಗಂಟೆಗೆ ಕುಡಿದು ಬಂದದ್ದು, ರೊಟ್ಟಿ ಆರಿದ್ದು, ತಂಬಿಗೆ ಎಸೆದದ್ದು, ಒಲೆಯ ಮುಂದೆ ಕೂತ ಹೆಂಡತಿಯ ಬಾಯಿಗೆ ಅದು ಬಡಿದದ್ದು. "ಆ ಹಲ್ಲು ಮುರಿದಿದ್ದು ನಾನಲ್ಲ, ನನ್ನೊಳಗಿನ ಆ ದರಿದ್ರ ಕುಡಿತ" ಎಂದು ಕಣ್ಣೊರೆಸಿಕೊಂಡಾಗ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಹಿಂದಿನಿಂದ ಯಾರೋ ಅವಳ ಭುಜ ಹಿಡಿದು ಎಬ್ಬಿಸಿದರು. ಅವಳೂ ಚಪ್ಪಾಳೆ ಹೊಡೆದಳು. ತನ್ನ ಎರಡು ಅಂಗೈ ಒಂದಕ್ಕೊಂದು ಬಡಿದುಕೊಳ್ಳುವುದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ್ದಳು. ಆ ರಾತ್ರಿ ನಡೆದೇ ಇರಲಿಲ್ಲ. ತಂಬಿಗೆಯೂ ಇಲ್ಲ, ಒಲೆಯೂ ಇಲ್ಲ. ಬಸ್ಸು ಹೊರಟಿತು. ಸಿಂಧನೂರು ಹತ್ತಿರವಾದ ಹಾಗೆ ಕಾಲುವೆ, ಅದರಾಚೆ ಹಸಿರು ಭತ್ತ, ಔಷಧಿ ಹೊಡೆದ ವಾಸನೆ ಕಿಟಕಿಯಿಂದ ಒಳಗೆ ಬಂತು. ತುಟಿಗೆ ಮೆಲ್ಲಗೆ ಜೀವ ಬರತೊಡಗಿತು, ಅದರ ಜೊತೆಗೆ ನೋವೂ.

ಏಳೂವರೆಗೆ ಅವನ ಫೋನು ಗಂಟೆ ಬಾರಿಸಿತು. ಹುಲಿಗೇಶ ಅದನ್ನು ಬೋರಲು ಹಾಕಿ, ಎದುರು ಕೂತು, ಮೊಣಕಾಲ ಮೇಲೆ ಕೈಯಿಟ್ಟುಕೊಂಡ. "ಹೇಳು ಮಹೇಶೀ. ಹಲ್ಲು ಹೆಂಗ ಕೂಡಿಸಿದ್ರು?"

ಅವಳು ಪೇಪರು ಬಿಚ್ಚಿ ಬಾಟ್ಲಿಯನ್ನು ಇಬ್ಬರ ನಡುವಿನ ಟೀಪಾಯಿಯ ಮೇಲಿಟ್ಟಳು. ಅವನ ಕುರ್ಚಿ ಹಿಂದಕ್ಕೆ ಸರಿಯಿತು.

"ಇದು... ಎಲ್ಲಿಂದ ಬಂತು?"

"ಲಿಂಗಸುಗೂರಿಂದ. ಗಂಡಸರ ನಡುವ ನಿಂತು ನಾನಾ ತಂದೀನಿ."

"ಯಾಕ?"

"ನೀವು ಬಿಟ್ಟಿದ್ದು ಖರೇನೇನು ಅಂತ ನೋಡಾಕ."

ಅವನ ಗಂಟಲು ಒಂದು ಸಲ ಮೇಲಕ್ಕೆ ಹೋಗಿ ಕೆಳಗೆ ಬಂತು. ಅದನ್ನು ನೋಡಿ ಅವಳಿಗೆ ಎಂಥದೋ ಖುಷಿಯಾಯಿತು. ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವನ ಮುಖದಲ್ಲಿ ಯಾರೂ ಹೇಳಿಕೊಡದ ಭಾವವೊಂದು ಕಂಡಿತ್ತು. ಮರುಕ್ಷಣವೇ ಅವನು ಕಣ್ಣು ಮುಚ್ಚಿ, ಕಲಿತ ಪ್ರಕಾರ ನಾಲ್ಕು ಎಣಿಸಿ ಉಸಿರು ಎಳೆದುಕೊಳ್ಳಲು ಶುರುಮಾಡಿದ.

"ಉಸಿರು ಆಮ್ಯಾಲ ತಗೋರಿ. ಹತ್ತು ನಿಮಿಷ ನಂದಲ್ಲೇನು? ಕೇಳ್ರಿ" ಎಂದಳು. "ಮಸ್ಕ್ಯಾಗ ರಾತ್ರಿ ಅಂದ್ರಿ. ರಾತ್ರಿ ಅಲ್ಲ ಅದು. ಮುಂಜಾನಿ ಒಂಬತ್ತು ಗಂಟಿ. ಮಮತಾ ಸಾಲಿಗೆ ಹೋಗಿದ್ಲು. ನಾ ಬೀರು ಮುಂದ ನಿಂತು ಸೀರಿ ನೆರಿಗಿ ಹಿಡಿಯಾಕತ್ತಿದ್ದೆ. ಅಂಗಡಿ ಕೀಲಿ ಎಲ್ಲಿ ಒಗದೀ ಅಂತ ಒದರಾಕತ್ತಿದ್ರಿ ನೀವು. ನಿಮ್ಮ ಕಿಸೇದಾಗ ನೋಡ್ಕೋರಿ ಅಂದೆ. ಅಲ್ಲೇ ಇತ್ತು. ನಾ ನಕ್ಕೆ. ಅಷ್ಟಾ. ನಕ್ಕಿದ್ದಕ್ಕ ಹೊಡದ್ರಿ. ಬೀರಿನ ಅಂಚಿಗೆ ಬಾಯಿ ಬಡೀತು. ನೀವು ಕೀಲಿ ತಗೊಂಡು ಅಂಗಡಿ ತಗಿಯಾಕ ಹೋದ್ರಿ. ನಾ ಬಾಯಿಗೆ ಸೆರಗು ಹಿಡ್ಕೊಂಡು ಸಾಲಿಗೆ ಹೋಗಿ, ಆರನೇತ್ತದವ್ರಿಗೆ ಪಾಠ ಮಾಡಿದೆ."

ಅವನು ಕಣ್ಣು ತೆರೆದ.

"ಕುಡಿದಿದ್ದಿಲ್ಲ ನೀವು. ಶ್ರಾವಣ ಅದು. ತಿಂಗಳು ಪೂರ್ತಿ ಮುಟ್ಟಂಗಿಲ್ಲ ಅಂತ ನಿಮ್ಮವ್ವಗ ಮಾತು ಕೊಟ್ಟಿದ್ರಿ, ಮುಟ್ಟಿದ್ದಿಲ್ಲ. ಇದರ ಮ್ಯಾಲ ಯಾಕ ಹಾಕ್ತೀರಿ?" ಎಂದು ಬಾಟ್ಲಿಯ ಕಡೆ ಕೈ ಮಾಡಿದಳು.

ಅವನು ಇಲ್ಲವೆನ್ನುತ್ತಾನೆ, ನೆನಪಿಲ್ಲವೆನ್ನುತ್ತಾನೆ ಎಂದು ದಾರಿಯುದ್ದಕ್ಕೂ ಅವಳು ಉತ್ತರ ಕಟ್ಟಿಕೊಂಡು ಬಂದಿದ್ದಳು. ಹತ್ತು ನಿಮಿಷ ಮುಗಿದ ಗಂಟೆ ಬಾರಿಸಿತು. ಅದು ತಾನಾಗಿ ನಿಂತ ಮೇಲೆ ಹುಲಿಗೇಶ ನೆಲ ನೋಡುತ್ತ, "ಗೊತ್ತೈತಿ ನನಗ" ಎಂದ.

"ಏನ್ ಗೊತ್ತೈತಿ?"

"ಶ್ರಾವಣ ಅಂತ ಗೊತ್ತೈತಿ. ಕೀಲಿ ಕಿಸೇದಾಗಿದ್ದಿದ್ದೂ ಗೊತ್ತೈತಿ." ಬಾಟ್ಲಿಯ ಕಡೆ ನೋಡಿ ಹೇಳಿದ: "ಕುಡಿಯೋದಾದ್ರ ಬಿಡಬಹುದು ಮಹೇಶೀ. ಇಂಥಾದ್ದು ಬಿಟ್ಟೆ ಅಂತ ದಿನಾ ಹೇಳ್ಕೊಳ್ಳಾಕ ಬರ್ತೈತಿ. ಅವತ್ತು ಮಾಡಿದ್ದನ್ನ ಏನಂತ ಬಿಡಬೇಕು? ಅದಕ್ಕೊಂದು ಹೆಸರಾದ್ರೂ ಬೇಕಲ್ಲ."

ಅವನ ಬಾಯಿಂದ ಅಂಥ ಮಾತು ಬಂದದ್ದು ಅವಳನ್ನು ಒಂದು ಗಳಿಗೆ ಅಲ್ಲಾಡಿಸಿತು. ಇಷ್ಟು ವರ್ಷದಲ್ಲಿ ಅವನು ಆಡಿದ ಮೊದಲ ಖರೆ ಮಾತು ಅದೇ ಇರಬೇಕು. ಆದರೆ ಅಷ್ಟರಲ್ಲಿ ಅವನ ಕೈ ಬಾಟ್ಲಿಯತ್ತ ಹೋಗಿ ಮುಚ್ಚಳ ತಿರುವಿತ್ತು. ಹಳೆಯ ವಾಸನೆ ಕೋಣೆ ತುಂಬಿತು. "ನಿನಗ ಸಮಾಧಾನ ಆಗ್ತೈತಿ ಅಂದ್ರ ಕುಡೀತೀನಿ. ಹೇಳು" ಎಂದ. ಕುಡಿ, ಕುಡಿ ಎಂದು ಅವಳ ಒಳಗೆ ಯಾರೋ ಅನ್ನುತ್ತಿದ್ದರು. ಆ ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನಿಗೂ ಕೇಳಿಸಿತೇನೋ ಎಂದು ಹೆದರಿಕೆಯಾಯಿತು. ಅವನ ಬಿಳಿಚಿದ ಮುಖ ನೋಡಿದಳು. ಮಸ್ಕಿಯಲ್ಲಿ ದನಿ ತಗ್ಗಿಸಿದಾಗಲೂ ಮುಖ ಹೀಗೆಯೇ ಇತ್ತು.

"ಅದನ್ನೂ ಮುಂದಿನ ಭಾಷಣದಾಗ ಹೇಳ್ತೀರಿ" ಎಂದಳು. "ಹೆಂಡ್ತಿ ಬಾಟ್ಲಿ ತಂದು ಮುಂದಿಟ್ಲು, ಆದ್ರೂ ನಾ ಮುಟ್ಟಲಿಲ್ಲ ಅಂತೀರಿ. ಇಲ್ಲಾ, ಆಕಿ ಸಲುವಾಗಿ ಕುಡಿದೆ ಅಂತೀರಿ. ಹೆಂಗಿದ್ರೂ ಚಪ್ಪಾಳಿ ನಿಮಗಾ."

ಅವನು ಮುಚ್ಚಳ ಹಾಕಿದ.

"ಭಾನುವಾರ ಇಲ್ಲೇ ಸಿಂಧನೂರಾಗ ಶಿಬಿರ ಐತೆಲ್ಲ. ಅಲ್ಲಿ ಹೇಳ್ರಿ. ಶ್ರಾವಣ ಅಂತ ಹೇಳ್ರಿ."

"ಊರಾಗ ನನ್ನ ಮುಖ ಏನಾಗಬೇಕು?"

"ನನ್ನ ಮುಖ ಆರು ವರ್ಷ ಏನಾಗಿತ್ತು?"

"ಹೇಳದಿದ್ರ?"

"ನಾ ಹೇಳ್ತೀನಿ. ಮುಂದಿನ ಸಾಲಿನ್ಯಾಗ ಕೂಡಿಸಿರ್ತಾರಲ್ಲ ನನ್ನ."

ಮರುದಿನ ಮುಂಜಾನೆ ಬಾಟ್ಲಿಯನ್ನು ಅವಳೇ ಬಚ್ಚಲಿಗೆ ಸುರಿದು ನಾಲ್ಕು ಬಕೆಟ್ ನೀರು ಹೊಯ್ದಳು. ಹುಲಿಗೇಶ ಅವತ್ತು ಐದಕ್ಕೆ ಏಳಲಿಲ್ಲ. ಮರುದಿನವೂ ಏಳಲಿಲ್ಲ. ರಿಜಿಸ್ಟರಿನ ಮನೆಗಳು ಖಾಲಿ ಉಳಿದವು. ಏಳೂವರೆಯ ಗಂಟೆ ಬಾರಿಸುವುದೂ ನಿಂತಿತು. ಅವನು ಬಿಚ್ಚಿ ಹಾಕಿದ ಅಂಗಿಯನ್ನು ಗೂಟಕ್ಕೆ ತೂಗುಹಾಕುವ ನೆಪದಲ್ಲಿ ಅವಳು ಮೂಸಿ ನೋಡುತ್ತಿದ್ದಳು. ಬೆವರು, ಗ್ರೀಸು, ಪ್ಲಾಸ್ಟಿಕ್ ಪೈಪಿನ ವಾಸನೆ. ಬೇರೇನಿಲ್ಲ. ಅದು ತಿಳಿದು ನಿರಾಳವಾಯಿತೋ, ನಿರಾಸೆಯಾಯಿತೋ ಹೇಳಲು ಅವಳಿಗೆ ಬರಲಿಲ್ಲ. ಇವನು ಮತ್ತೆ ಬಿದ್ದರೆ ತನ್ನಿಂದಲೇ ಬಿದ್ದಂತೆ, ಲಿವರ್ ಒಡೆದು ಸತ್ತರೆ ಕೊಂದವಳು ತಾನೇ ಎಂದು ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಥಟ್ಟನೆ ಹೊಳೆದು ಕೈಯ ಸೀಮೆಸುಣ್ಣ ಮುರಿಯಿತು. ಶನಿವಾರ ಸಂಜೆ ಅವನು ಬಂದು ಬಾಗಿಲಲ್ಲಿ ನಿಂತು, "ಬ್ಯಾಡ ಅಂದುಬಿಡು ಮಹೇಶೀ" ಎಂದ. ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. ಬೇಡವೆನ್ನುವುದು ಎಷ್ಟು ಸುಲಭವಿತ್ತು. ಅಂದಿದ್ದರೆ ಎಲ್ಲರೂ ಮೆಚ್ಚುತ್ತಿದ್ದರು. ಅವಳು ಅನ್ನಲಿಲ್ಲ.

ಕಲ್ಯಾಣ ಮಂಟಪದಲ್ಲಿ ಇನ್ನೂರು ಕುರ್ಚಿ ತುಂಬಿದ್ದವು. ಅಂಗಡಿಯವರು, ಲೆಕ್ಚರರುಗಳು, ಬ್ಯಾಂಕಿನವರು, ರೈಸ್ ಮಿಲ್ಲಿನ ಮ್ಯಾನೇಜರುಗಳು, ಒಂದು ಪಕ್ಕಕ್ಕೆ ಅವರ ಮನೆಯ ಹೆಂಗಸರು. ಶಿಬಿರ ನಡೆಸುವ ನಿವೃತ್ತ ಹೆಡ್‌ಮಾಸ್ಟರು ಆದೆಪ್ಪನವರು ಹುಲಿಗೇಶನನ್ನು ಹೊಗಳಿ ಮೈಕು ಕೊಟ್ಟರು. ಅವನು ಬಿಸಿನೀರಿನಿಂದ ಶುರುಮಾಡಿದ. ನಡಿಗೆಗೆ ಬಂದ. ಓದಿಗೆ ಬಂದ. ಓದಿನ ಬಗ್ಗೆ ಹೇಳಿದ್ದನ್ನೇ ಎರಡು ಸಲ ಹೇಳಿದ. ಮುಂದಿನ ಸಾಲಿನಲ್ಲಿ ಕೂತ ಮಹೇಶ್ವರಿ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆ ಮುಖ ಒಡೆಯುವುದನ್ನು ನೋಡಲೆಂದೇ ಬೇಗ ಬಂದು ಕೂತಿದ್ದಳು. ಅವನು ನೀರು ಕುಡಿದ. ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ನಮ್ಮ ಹೆಂಡ್ತಿ ಹಲ್ಲು ಮುರದಿದ್ದು ನಾ ಮಸ್ಕ್ಯಾಗ ಹೇಳಿದ್ದೆ" ಎಂದ. "ನಿಮ್ಮೊಳಗ ಭಾಳ ಮಂದಿ ವಿಡಿಯೋ ನೋಡೀರಿ. ಅದು ಸುಳ್ಳು. ಅವತ್ತು ನಾ ಕುಡಿದಿದ್ದಿಲ್ಲ."

ಮೈಕು ಗುಂಯ್‌ಗುಟ್ಟಿತು.

"ಮುಂಜಾನಿ ಹೊತ್ತು. ಮೈ ಮ್ಯಾಲ ಪೂರಾ ಎಚ್ಚರ ಇತ್ತು. ನನ್ನ ತಪ್ಪು ತೋರಿಸಿ ಆಕಿ ನಕ್ಕಳು ಅಂತ ಹೊಡದೆ. ಅಂಗಡ್ಯಾಗ ಗಿರಾಕಿ ಎಷ್ಟು ಕೂಗಾಡಿದ್ರೂ ಕೈ ಎತ್ತಿಲ್ಲ ನಾ ಯಾವತ್ತೂ. ಆಕಿ ಮ್ಯಾಲ ಎತ್ತಿದೆ. ಎತ್ತಬಹುದು ಅಂತ ಗೊತ್ತಿತ್ತು, ಎತ್ತಿದೆ."

ಗಂಡಸರ ಕಡೆಯಿಂದ ಯಾರೋ ಕಿಸಕ್ಕೆಂದರು, ಯಾರೋ ಕೆಮ್ಮಿದರು. ಚಪ್ಪಾಳೆಗೆಂದು ಮೇಲೆದ್ದ ಒಂದೆರಡು ಕೈಗಳು ತೊಡೆಯ ಮೇಲೆ ಇಳಿದವು. ಆದೆಪ್ಪನವರು ಗಡಬಡಿಸಿ ಎದ್ದು ಬಂದು ಮೈಕು ಇಸಿದುಕೊಂಡು, "ನಮ್ಮ ಹುಲಿಗೇಶ ಸ್ವಲ್ಪ ಭಾವುಕ ಆಗ್ಯಾರ. ಈಗ ಎಲ್ಲಾರೂ ಚಹಾ ತಗೋಬೇಕು, ಹತ್ತು ನಿಮಿಷ" ಎಂದರು. ಕುರ್ಚಿಗಳು ಸರಿದವು. ಈಗ ನೋಡಬೇಕು, ಈಗ ಅವನ ಮುಖ ನೋಡಬೇಕು ಎಂದು ಮಹೇಶ್ವರಿ ಕತ್ತು ಎತ್ತಿದಳು. ಆಗಲೇ ಹಿಂದಿನ ಸಾಲಿನಿಂದ ಒಂದು ಕೈ ಬಂದು ಅವಳ ತೋಳು ಮುಟ್ಟಿತು.

ತೆಳ್ಳನೆಯ ಹೆಂಗಸು, ಮೂವತ್ತರ ಆಚೀಚೆ ಇರಬೇಕು. ಸೆರಗು ಎರಡೂ ಭುಜ ಮುಚ್ಚುವಂತೆ ಹೊದ್ದಿದ್ದಳು. "ನಾ ಯಮನೂರಮ್ಮ ಅಂತ ಅಕ್ಕ, ಸಾಲಗುಂದದಾಕಿ" ಎಂದು ಪಿಸುಗುಟ್ಟಿದಳು. ಮತ್ತೇನೂ ಇಲ್ಲವೇನೋ ಎಂದು ಮಹೇಶ್ವರಿ ತಿರುಗುವಷ್ಟರಲ್ಲಿ ಹೇಳಿದಳು: "ನಮ್ಮನ್ಯಾಗಿನವ್ರು ಒಂದ್ ದಿನಾನೂ ಕುಡಿದವ್ರಲ್ಲಕ್ಕ. ಅಡಕಿ ಸುದ್ದಾ ಹಾಕಂಗಿಲ್ಲ."

ಮಹೇಶ್ವರಿ ಅವಳನ್ನೇ ನೋಡಿದಳು.

"ಯಾರು ನಿಮ್ಮವ್ರು?"

ಯಮನೂರಮ್ಮ ಬೆರಳು ಮಾಡಲಿಲ್ಲ. ಗದ್ದವನ್ನು ತುಸುವೇ ಬಾಗಿಲ ಕಡೆ ತಿರುಗಿಸಿದಳು. ಅಲ್ಲಿ ಬಿಳಿ ಅಂಗಿಯ, ಎಣ್ಣೆ ಹಚ್ಚಿ ತಲೆ ಬಾಚಿದ ಮನುಷ್ಯನೊಬ್ಬ ಚಹಾದ ಟ್ರೇ ಹಿಡಿದು, ಒಬ್ಬೊಬ್ಬರ ಮುಂದೂ ಬಾಗಿ, ನಗುನಗುತ್ತ ಹೆಂಗಸರ ಸಾಲಿನತ್ತ ಬರುತ್ತಿದ್ದ. ವಾರವಾರವೂ ಶಿಬಿರಕ್ಕೆ ಮೊದಲು ಬಂದು ಕುರ್ಚಿ ಹಾಕುವವನು ಅವನೇ ಎಂದು ಹುಲಿಗೇಶ ಒಮ್ಮೆ ಹೇಳಿದ್ದುಂಟು.

ಅವನು ಮುಂದೆ ಬಂದು ನಿಂತ. "ತಗೋರಿ ಮೇಡಮ್. ಸಕ್ಕರಿ ಕಮ್ಮಿ ಹಾಕಿಸೀವಿ." ಟ್ರೇಯನ್ನು ತಳ್ಳಿ ಅವನ ಬಿಳಿ ಅಂಗಿಯ ಮೇಲೆ ಚೆಲ್ಲಬೇಕೆಂದು ಅವಳ ಕೈ ತುರಿಸಿತು. ಹಿಂದಿನ ಕುರ್ಚಿಯಲ್ಲಿ ಯಮನೂರಮ್ಮನ ಉಸಿರು ನಿಂತದ್ದು ಅವಳಿಗೆ ಕೇಳಿಸಿತು. ಈ ಮನುಷ್ಯ ಮನೆಗೆ ಹೋಗುವುದು ಈ ಹೆಂಗಸಿನ ಜೊತೆಗೆ. ಮಹೇಶ್ವರಿ ಒಂದು ಕಪ್ಪು ಎತ್ತಿಕೊಂಡು, ಒಂದು ಗುಟುಕು ಕುಡಿದು, "ಛಲೋ ಆಗೈತ್ರಿ" ಎಂದು ನಕ್ಕಳು. ಅವನು ಸಂತೋಷದಿಂದ ಮುಂದಕ್ಕೆ ಹೋದ.

ವೇದಿಕೆಯ ಮೇಲೆ ಒಂಟಿಯಾಗಿ ನಿಂತಿದ್ದವನು ಕೆಳಗಿಳಿದನೋ, ಅಲ್ಲೇ ಇದ್ದಾನೋ, ಅವಳಿಗೆ ನೋಡುವುದು ಮರೆತುಹೋಗಿತ್ತು. ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಚೀಲವನ್ನು ನೆಲಕ್ಕಿಳಿಸಿ, "ಇಲ್ಲಿ ಬಂದು ಕೂಡು" ಎಂದಳು. ಯಮನೂರಮ್ಮ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು.

"ನಿನ್ನ ಫೋನ್ ನಂಬರ್ ಹೇಳು."

"ನನ್ನ ಕಡೆ ಫೋನಿಲ್ಲಕ್ಕ. ಅವ್ರ ಹತ್ರಾನಾ ಇರ್ತೈತಿ."

"ಹಂಗಾದ್ರ ಮನಿ ಎಲ್ಲಿ ಬರ್ತೈತಿ ಹೇಳು. ನಾ ದಿನಾ ಬಸ್ಸಿಗೆ ಹೋಗಾಕಿ, ಸಾಲಗುಂದ ನನಗೇನು ದೂರಲ್ಲ."

ಟ್ರೇ ಎಷ್ಟು ದೂರ ಹೋಗಿದೆಯೆಂದು ಯಮನೂರಮ್ಮ ಒಮ್ಮೆ ನೋಡಿಕೊಂಡಳು. ಆಮೇಲೆ ತಲೆ ತಗ್ಗಿಸಿ, ತನ್ನ ಮೊಣಕಾಲ ಮೇಲೆ ಬೆರಳಿನಿಂದ ದಾರಿ ಗೀರಿ ತೋರಿಸುತ್ತ, ಬಸ್ಸಿಳಿದರೆ ಮೊದಲು ನೀರಿನ ಟಾಕಿ ಬರುತ್ತದೆ, ಅಲ್ಲಿಂದ ಎಡಕ್ಕೆ ಹೊರಳಿ ಮೂರನೆಯ ಮನೆ, ಹತ್ತು ಗಂಟೆಯ ಮೇಲೆ ಅವರು ಇರುವುದಿಲ್ಲ ಎಂದು ಹೇಳತೊಡಗಿದಳು.